ತಂಗಿಯ ಪರೀಕ್ಷೆಯಲ್ಲಿ ಕೇಳಿಸಿದ ನನ್ನ ದನಿ

ನಾನು ಓದಿದ್ದು ಏಳನೇ ತರಗತಿಯವರೆಗೆ, ರಾಯಚೂರು ಜಿಲ್ಲೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹೇಳಲೇಬೇಕಾದ ಕಡೆ ಒಮ್ಮೆ ಇದನ್ನು ಹೇಳದೆ ಹೋದೆ. ಅದರಿಂದ ತಂಗಿಯ ಕೈಗೆ ಬಂದಿದ್ದ ಕೆಲಸ ತಪ್ಪಿತು.

ಹೈದರಾಬಾದಿನ ದಿಲ್‌ಸುಖ್‌ನಗರದ ಗಲ್ಲಿಯೊಂದರಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬೀದಿಯ ಕಡೆಗೆ ಶಟರ್, ಹಿಂದಕ್ಕೆ ಒಂದು ಪರದೆ. ಪರದೆಯ ಆಚೆ ಮಲಗುವ ಕೋಣೆ, ಅದರ ಹಿಂದೆ ಅಡುಗೆಮನೆ. ಅಷ್ಟರಲ್ಲೇ ನಾನು, ನನ್ನ ಹೆಂಡತಿ, ನನ್ನ ತಂಗಿ. ಗಿರಾಕಿಗಳೊಡನೆ ತೆಲುಗು, ಬಟ್ಟೆ ತರುವಾಗ ಹಿಂದಿ, ಪರದೆಯ ಆಚೆ ಕನ್ನಡ.

ಅಪ್ಪ, ಅವ್ವ ಈ ಊರಿಗೆ ಕಟ್ಟಡದ ಕೆಲಸಕ್ಕೆ ಬಂದವರು. ಈಗ ಇಬ್ಬರೂ ಇಲ್ಲ. ನಾನು ಶಾಲೆ ಬಿಟ್ಟು ಅವರ ಹಿಂದೆ ಬಂದಾಗ ತಂಗಿ ಇನ್ನೂ ಸಣ್ಣವಳು. ಅವರು ಮೇಲೆ ಸಿಮೆಂಟು ಹೊರುತ್ತಿದ್ದರೆ, ಕೆಳಗೆ ಮರಳಿನ ಗುಡ್ಡೆಯ ಬದಿಗೆ ಅವಳನ್ನು ಕೂರಿಸಿಕೊಂಡು ಇರುವುದು ನನ್ನ ಕೆಲಸ. ಅವಳು ಎದ್ದು ಕಬ್ಬಿಣದ ಸರಳುಗಳ ಕಡೆ ಓಡದಂತೆ ಹಿಡಿದಿಡಲು ನನ್ನ ಬಳಿ ಇದ್ದದ್ದು ಕತೆಗಳು ಮಾತ್ರ. ನಮ್ಮ ಕಡೆ ಕತೆ ಹೇಳುವವನಿಗೆ ಕೇಳುವವರು ಹೂಂಗುಟ್ಟಬೇಕು. ಒಂದು ಮಾತು ಮುಗಿಯಿತೆಂದರೆ ಒಂದು ಹೂಂ. ಹೂಂ ಬರಲಿಲ್ಲವೆಂದರೆ ಹೇಳುವವನಿಗೆ ಮುಂದಿನ ಮಾತು ಹೊಳೆಯುವುದಿಲ್ಲ. ತಂಗಿ ಹೂಂ ಎನ್ನುತ್ತಾ ಎನ್ನುತ್ತಾ ನಿದ್ದೆ ಹೋಗುತ್ತಿದ್ದಳು. ಆಮೇಲೆ ನಾನು ಸುಮ್ಮನಾಗುತ್ತಿದ್ದೆ.

ಮುಂದೆ ನಾನು ಹಿಮಾಯತ್‌ನಗರದ ಟೇಲರ್ ಒಬ್ಬರ ಬಳಿ ಕೂತು ಕೆಲಸ ಕಲಿತೆ. ಅವಳು ಶಾಲೆಗೆ ಹೋದಳು, ಚೆನ್ನಾಗಿ ಓದಿದಳು, ನಾರಾಯಣಗೂಡದ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿ ಮುಗಿಸಿದಳು. ಆ ಹೊತ್ತಿಗೆ ಕತೆ ಹೇಳುವವಳು ಅವಳಾಗಿದ್ದಳು, ಹೂಂಗುಟ್ಟುವವನು ನಾನು.

ಅದು ಹೇಗೆಂದರೆ, ಪ್ರೋಗ್ರಾಮಿಂಗ್ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಕಂಪನಿಯವರು ಕೋಡಿಂಗ್ ಟೆಸ್ಟ್ ಇಡುತ್ತಾರೆ. ಒಂದು ಲೆಕ್ಕ ಕೊಟ್ಟು, ಅದನ್ನು ಕಂಪ್ಯೂಟರ್ ಬಿಡಿಸುವಂತೆ ಬರೆದು ತೋರಿಸು ಎನ್ನುತ್ತಾರೆ. ಅಂಥ ಲೆಕ್ಕಗಳನ್ನು ತಂಗಿ ದಿನವೂ ಅಭ್ಯಾಸ ಮಾಡುತ್ತಿದ್ದಳು. ಸುಮ್ಮನೆ ಕೂತು ಯೋಚಿಸಲು ಅವಳಿಗೆ ಬರುತ್ತಿರಲಿಲ್ಲ. ನನ್ನ ಹೊಲಿಗೆ ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತು, ಲೆಕ್ಕವನ್ನು ಕತೆ ಮಾಡಿ ನನಗೆ ಹೇಳುತ್ತಿದ್ದಳು.

"ಅಣ್ಣಾ, ಒಂದು ದಾರಿ ಐತಿ."

"ಹೂಂ."

"ಅದು ಎಲ್ಯರ ಮುಗೀತೈತೋ, ಗುಂಡಗ ತಿರಗಿ ಮತ್ತ ಅಲ್ಲಿಗೇ ಬರ್ತೈತೋ, ಗೊತ್ತಿಲ್ಲ."

"ಹೂಂ."

"ಇಬ್ಬರನ್ನ ಬಿಡೂದು. ಒಬ್ಬಾಂವ ನಡೀತಾನ, ಒಬ್ಬಾಂವ ಓಡ್ತಾನ."

"ಯಾಕ ಓಡ್ತಾನ? ಬಸ್ಸು ತಪ್ಪೇತೇನು?"

"ನೀ ಸುಮ್ನ ಹೂಂ ಅನ್ನು. ದಾರಿ ಗುಂಡಗಿತ್ತಂದ್ರ ಓಡಾಂವ ಹಿಂದಿಂದ ಬಂದು ನಡಿಯಾಂವನ್ನ ಹಿಡೀತಾನ."

"ಹೂಂ."

ಅಲ್ಲಿಗೆ ಅವಳ ಮಾತು ನಿಲ್ಲುತ್ತಿತ್ತು, ಬೆರಳುಗಳು ಓಡುತ್ತಿದ್ದವು. ನನಗೆ ಏನೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿತ್ತು ಎಂದು ಯಾರೂ ಅಂದುಕೊಂಡಿರಲೂ ಇಲ್ಲ. ಒಳಗಿಂದ ನನ್ನ ಹೆಂಡತಿ ಅವಳನ್ನು ಕಾಡುತ್ತಿದ್ದಳು.

"ನಿಮ್ಮಣ್ಣಗ ತಿಳದು ಹೂಂ ಅಂತಾರಂತ ಮಾಡೀಯೇನು? ಜಂಪರ್ ಯಾವಾಗ ಕೊಡ್ತೀರಿ ಅಂತ ಬಂದವ್ರಿಗೂ ಹಿಂಗ ಹೂಂ ಅಂತಾರ. ಹಬ್ಬ ಮುಗದ ಮ್ಯಾಲ ಕೊಡ್ತಾರ."

"ಇರ್ಲಿ ಬಿಡು ವೈನಿ, ನಂಗ ಹೂಂ ಸಾಕು," ಎನ್ನುತ್ತಿದ್ದಳು ತಂಗಿ. ಅತ್ತಿಗೆಯನ್ನು ಅವಳು ವೈನಿ ಎಂದೇ ಕರೆಯುವುದು.

ಇನ್ನು ನನ್ನ ಮದುವೆಯ ಮಾತು ಹೇಳಬೇಕು. ಹೆಂಡತಿ ರಾಯಚೂರು ಪೇಟೆಯವಳು, ಪಿಯುಸಿ ಪಾಸಾದವಳು. ಅವರ ಮನೆಯವರು ಹುಡುಗನ ಓದು ಕೇಳಿದಾಗ ನಮ್ಮ ಸೋದರಮಾವ ಹಿಂದೆ ಮುಂದೆ ನೋಡಲಿಲ್ಲ. "ಬಿ.ಕಾಂ. ಕಂಪ್ಯೂಟರ್ಸ್ ಆಗೇತಿ. ನೌಕರಿ ಮಾಡೂದು ಅವಗ ಮನಸಿಲ್ಲ, ಸ್ವಂತ ಬಿಸಿನೆಸ್ ಹಾಕ್ಯಾನ," ಎಂದುಬಿಟ್ಟ. ಹೈದರಾಬಾದಿನಲ್ಲಿ ಯಾವ ಹುಡುಗನನ್ನು ಕೇಳಿದರೂ ಬಿ.ಕಾಂ. ಕಂಪ್ಯೂಟರ್ಸ್ ಎನ್ನುತ್ತಾನೆ, ಯಾರೂ ತಿರುಗಿ ಕೇಳುವುದಿಲ್ಲ ಎಂಬುದು ಅವನ ಧೈರ್ಯ. ಆಗ ತಂಗಿ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ನಾನು ಹೆದರಿದ್ದನ್ನು ನೋಡಿ ಅವಳೇ ನನಗೆ ಎರಡು ಮೂರು ವಿಷಯಗಳ ಹೆಸರು ಬಾಯಿಪಾಠ ಮಾಡಿಸಿದಳು. "ಬಿ.ಕಾಂ. ಸಾಹೇಬ್ರ, ಅಕೌಂಟ್ಸ್ ಅನ್ರಿ. ಅಕೋಂಟಿ ಅಲ್ಲ," ಎಂದು ನಗುತ್ತಿದ್ದಳು. ಮದುವೆಯಾಯಿತು. ಆ ಸುಳ್ಳು ಮನೆಯಲ್ಲಿ ಹಾಗೇ ಉಳಿಯಿತು. ಯಾರೂ ಅದನ್ನು ಮುಟ್ಟಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ವರ್ಷಗಳು ಹೋದವು.

ಡಿಗ್ರಿ ಮುಗಿದ ಮೇಲೆ ತಂಗಿ ಎಷ್ಟೋ ಕಡೆ ಅರ್ಜಿ ಹಾಕಿದಳು. ಕೊನೆಗೆ ಒಂದು ದೊಡ್ಡ ಕಂಪನಿಯಿಂದ ಮನೆಯಲ್ಲೇ ಕೂತು ಬರೆಯುವ ಟೆಸ್ಟ್ ಬಂತು. ಅದರಲ್ಲಿ ಪಾಸಾದರೆ ಇನ್ನು ಒಂದು ಮಾತುಕತೆ, ಆಮೇಲೆ ಕೆಲಸ. ಪರೀಕ್ಷೆ ನಡೆಯುವಾಗ ಲ್ಯಾಪ್‌ಟಾಪಿನ ಕ್ಯಾಮೆರಾ ಅವಳ ಮುಖ ನೋಡುತ್ತಿರುತ್ತದೆ, ಮೈಕು ದನಿ ಕೇಳಿಸಿಕೊಳ್ಳುತ್ತಿರುತ್ತದೆ. ಅವಳು ತನ್ನಷ್ಟಕ್ಕೆ ಗೊಣಗಿಕೊಂಡರೆ ಅಡ್ಡಿಯಿಲ್ಲ. ಬೇರೆಯವರು ಕಾಣಬಾರದು, ಬೇರೆಯವರ ದನಿ ಬರಬಾರದು.

ಅವತ್ತು ಹೆಂಡತಿ ಮೇಲಿನ ಮನೆಯವರ ಬಳಿ ಹೋಗಿ ಕೂತಳು. ನಾನು ಶಟರ್ ಇಳಿಸಿದೆ, ಮಷಿನ್ನು ನಿಲ್ಲಿಸಿದೆ.

"ನಾನೂ ಹೊರಗ ಹೋಗ್ಲೇನು?" ಎಂದು ಕೇಳಿದೆ.

"ಬ್ಯಾಡ. ಯಾರರ ಬಂದು ಶಟರ್ ಬಡದ್ರ ನೀನ ತಡೀಬೇಕು. ಮಾತಾಡಬ್ಯಾಡ ಮತ್ತ, ಕೈಸನ್ನಿ ಮಾಡು," ಎಂದಳು.

ಪರದೆಯ ಈಚೆ ಕೂತು ನಾನು ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತಿದ್ದೆ. ಅದು ಸದ್ದಿಲ್ಲದ ಕೆಲಸ. ಆಚೆ ಅವಳು ತನ್ನಷ್ಟಕ್ಕೆ ಶುರುಮಾಡಿದಳು. ಒಂದು ಸಾಲು ಐತಿ. ಎಡಗಡಿಂದ ಒಬ್ಬಾಂವ ಬರ್ತಾನ. ಬಲಗಡಿಂದ ಒಬ್ಬಾಂವ ಬರ್ತಾನ. ಸೂಜಿ ಕೈಯಲ್ಲಿ ಹೋಗುತ್ತಾ ಬರುತ್ತಾ ಇತ್ತು. ನನ್ನ ಮನಸ್ಸು ಎಲ್ಲಿತ್ತೋ ಹೇಳಲಾರೆ. ಆಚೆಯಿಂದ ಲ್ಯಾಪ್‌ಟಾಪ್ ಎಚ್ಚರಿಸುವಂತೆ ಟಿಂಗ್ ಎಂದಾಗ ತಂಗಿಯ ಮಾತು ಥಟ್ಟನೆ ನಿಂತಿತು. ಆಗ ನನ್ನ ಗಂಟಲಲ್ಲಿ ಒಂದು ಹೂಂ ಅರ್ಧಕ್ಕೆ ಬಂದು ನಿಂತಿತ್ತು. ಅದಕ್ಕೂ ಮೊದಲು ಎಷ್ಟು ಹೋಗಿದ್ದವೋ ನನಗೆ ಗೊತ್ತಿಲ್ಲ.

ಟೆಸ್ಟ್ ಮುಗಿಯುವವರೆಗೆ ಬಾಯಿಗೆ ಬಟ್ಟೆ ಇಟ್ಟುಕೊಂಡು ಕೂತೆ. ಅವಳು ಪರದೆ ಸರಿಸಿ ಹೊರಗೆ ಬಂದಳು.

"ಅಣ್ಣಾ, ನೀ ಹೂಂ ಅಂದಿ."

"ಅಂದ್ನೇನು?"

"ಅಂದಿ. ನಂಗೂ ಲಕ್ಷ್ಯ ಇರ್ಲಿಲ್ಲ ನೋಡು. ನಾನೂ ಕೇಳಿಕೋತ ಬರಕೋತ ಹೊಂಟಿದ್ದೆ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕುಬಿಟ್ಟಳು. ಎಲ್ಲ ಲೆಕ್ಕಗಳನ್ನೂ ಬಿಡಿಸಿದ್ದಳು. ಆ ಖುಷಿಯಲ್ಲಿ ಇದೊಂದು ದೊಡ್ಡ ಮಾತಾಗಿ ಅವಳಿಗೆ ಕಾಣಲಿಲ್ಲ. ಇಲ್ಲಿಯವರೆಗೆ ನಡೆದದ್ದರಲ್ಲಿ ನನ್ನ ತಪ್ಪಿಗಿಂತ ಅಭ್ಯಾಸವೇ ಹೆಚ್ಚು. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಕಂಪನಿಯಿಂದ ಇ-ಮೇಲ್ ಬಂತು. ಅವಳು ಬರೆದದ್ದೆಲ್ಲ ಸರಿಯಾಗಿದೆ, ಆದರೆ ರೆಕಾರ್ಡಿನಲ್ಲಿ ಒಬ್ಬ ಗಂಡಸಿನ ದನಿ ಇದೆ. ಅವಳು ಒಂದೊಂದು ಹೆಜ್ಜೆ ಹೇಳಿದಾಗಲೂ ಆ ದನಿ ಬರುತ್ತದೆ. ಪಕ್ಕದಲ್ಲಿ ಯಾರೋ ತಿಳಿದವರು ಕೂತು ಸರಿ ತಪ್ಪು ನೋಡುತ್ತಿದ್ದಂತೆ ಕೇಳಿಸುತ್ತದೆ. ಆ ವ್ಯಕ್ತಿಯ ಜೊತೆ ವಿಡಿಯೊ ಕಾಲಿನಲ್ಲಿ ಮಾತನಾಡಬೇಕು. ಇಷ್ಟನ್ನು ತಂಗಿ ಓದಿ ಹೇಳಿದಳು. ನಾನು ಬೆವತೆ. ಅವಳು ಬೆವರಲಿಲ್ಲ.

"ಬ್ಯಾಡ ಅನ್ನೂದಿದ್ರ ಸುಮ್ನ ಬ್ಯಾಡ ಅಂತಿದ್ರು. ಕರದು ಕೇಳಾಕತ್ತಾರಂದ್ರ ತಗೊಳ್ಳೂ ಮನಸ ಐತಿ ಅವ್ರಿಗೆ. ನೀ ಇದ್ದದ್ದು ಇದ್ದಂಗ ಹೇಳು, ಸಾಕು," ಎಂದಳು.

ವಿಡಿಯೊ ಕಾಲ್ ಇದ್ದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಹೆಂಡತಿಗೆ ಸಂಭ್ರಮ. ಕಂಪನಿಯವರು ಇವರ ಜೊತೆ ಮಾತಾಡುತ್ತಾರಂತೆ ಎಂದು ತವರಿಗೆ ಫೋನು ಮಾಡಿ ಹೇಳಿದ್ದಳು. ನಾನೂ ತಂಗಿಯೂ ಮಂಚದ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತೆವು. ತೆರೆಯ ಮೇಲೆ ಒಬ್ಬ ಮೇಡಂ ಬಂದರು. ನನಗಿಂತ ಸ್ವಲ್ಪ ದೊಡ್ಡವರಿರಬೇಕು, ಸಮಾಧಾನದ ಮುಖ. ನನಗೆ ತಿಳಿಯಲೆಂದು ಹಿಂದಿಯಲ್ಲೇ ಮಾತನಾಡಿದರು.

ತಂಗಿ ಎಲ್ಲವನ್ನೂ ವಿವರಿಸಿದಳು. ನಮ್ಮ ಕಡೆ ಕತೆ ಕೇಳುವವರು ಹೀಗೆ ಹೂಂಗುಟ್ಟುತ್ತಾರೆ, ನಾನು ಲೆಕ್ಕವನ್ನು ಕತೆಯ ಹಾಗೆ ಹೇಳಿಕೊಳ್ಳುತ್ತೇನೆ, ಅಣ್ಣ ಪರದೆಯ ಆಚೆ ಹೊಲಿಯುತ್ತಿದ್ದ, ಗೊತ್ತಿಲ್ಲದೆ ದನಿ ಕೊಟ್ಟ, ಅವನಿಗೆ ಇದರಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಮೇಡಂ ಕೇಳುತ್ತಾ ಕೇಳುತ್ತಾ ನಕ್ಕರು. ತಮ್ಮ ಅಜ್ಜಿಯೂ ಕತೆ ಹೇಳುವಾಗ ಹಾಗೇ ಅನ್ನಿಸುತ್ತಿದ್ದರು ಎಂದರು. ಆ ನಗುವಿನಲ್ಲೇ ಕೆಲಸ ಆಯಿತು ಎಂದು ನನಗನ್ನಿಸಿತು. ತಂಗಿಯ ಮೊಣಕೈ ನನ್ನ ಮೊಣಕೈಗೆ ಮೆಲ್ಲಗೆ ತಾಗಿತು. ಅವಳಿಗೂ ಹಾಗೇ ಅನ್ನಿಸಿರಬೇಕು.

"ಭಯ್ಯಾ, ಆಪ್ ಕ್ಯಾ ಕಾಮ್ ಕರ್ತೇ?" ಎಂದು ಮೇಡಂ ನನ್ನ ಕೆಲಸ ಏನೆಂದು ಕೇಳಿದರು.

"ಟೇಲರಿಂಗ್, ಮೇಡಂ. ಅಪ್ನೀ ದುಕಾನ್ ಹೈ."

"ಕಂಪ್ಯೂಟರ್ ಆತಾ?"

"ನಹೀಂ, ಮೇಡಂ."

ಅಷ್ಟು ಹೊತ್ತಿಗೆ ಹೆಂಡತಿ ನೀರಿನ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ತೆರೆಯಲ್ಲಿ ಕಾಣದಂತೆ ಒಂದು ಪಕ್ಕಕ್ಕೆ ನಿಂತು ನನ್ನನ್ನೇ ನೋಡುತ್ತಿದ್ದಳು. ಮೇಡಂ, ಕೊನೆಯ ಒಂದು ಮಾತು, ಬರೆದುಕೊಳ್ಳಬೇಕು ಅದಕ್ಕೆ ಕೇಳುತ್ತೇನೆ, ಎಂದು ನಾನು ಎಲ್ಲಿಯವರೆಗೆ ಓದಿದ್ದೇನೆಂದು ಕೇಳಿದರು.

ಸಾತ್ವೀಂ, ಏಳನೆಯದು, ಎಂದಿದ್ದರೆ ಮುಗಿಯುತ್ತಿತ್ತು. ಒಂದೇ ಒಂದು ಶಬ್ದ. ಅದು ನಿಜವೂ ಆಗಿತ್ತು, ತಂಗಿಗೆ ಬೇಕಾಗಿದ್ದದ್ದೂ ಅದೇ. ನಾನು ಹೆಂಡತಿಯ ಕಡೆ ನೋಡಿದೆ. ನನ್ನ ಬಾಯಿಂದ ಸೋದರಮಾವನ ಮಾತು ಇದ್ದ ಹಾಗೇ ಬಂತು.

"ಬಿ.ಕಾಂ. ಕಂಪ್ಯೂಟರ್ಸ್, ಮೇಡಂ."

ಮೇಡಂ ಮುಖದಲ್ಲಿದ್ದ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಹೊತ್ತು ಇದ್ದು ಹೋಯಿತು. ಈಗಷ್ಟೇ ಕಂಪ್ಯೂಟರ್ ಬರುವುದಿಲ್ಲ ಎಂದಿರಲ್ಲ, ಎಂದರು. ನಾನು ಏನೋ ತೊದಲಿದೆ. ಓದಿ ಬಹಳ ದಿನವಾಯಿತು, ಮರೆತಿದೆ, ಎಂಬಂಥ ಮಾತು. ಅವರು ತಂಗಿಯನ್ನು ಕೇಳಿದರು, ನಿಮ್ಮ ಅಣ್ಣ ಕಂಪ್ಯೂಟರ್ ಡಿಗ್ರಿ ಮಾಡಿದ್ದು ಹೌದೇ ಎಂದು.

ತಂಗಿ ನನ್ನ ಕಡೆ ತಿರುಗಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ತೆರೆಯ ಕಡೆ ತಿರುಗಿ, "ಜೀ, ಮೇಡಂ," ಎಂದಳು.

ಮತ್ತೆ ಬಂದ ಇ-ಮೇಲ್‌ನಲ್ಲಿ ಹೆಚ್ಚು ಮಾತಿರಲಿಲ್ಲ. ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇನ್ನು ಮುಂದೆ ಈ ಕಂಪನಿಗೆ ಅರ್ಜಿ ಹಾಕಬಾರದು. ತಂಗಿ ಅದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿ ಬಟ್ಟೆ ಒಣಹಾಕಲು ಮೇಲೆ ಹೋದಳು.

ನಾನು ಅವಳ ಹಿಂದೆಯೇ ಮಾಳಿಗೆಗೆ ಹೋದೆ. ಆ ಮೇಡಂಗೆ ಫೋನು ಹಚ್ಚು, ನಿಜ ಹೇಳುತ್ತೇನೆ, ಎಂದೆ. ಅವಳು ಸೀರೆಯ ಅಂಚು ಹಿಡಿದು ಜಾಡಿಸುತ್ತಲೇ ಇದ್ದಳು.

"ಏನಂತ ಹೇಳ್ತಿ? ಅವತ್ತು ಸುಳ್ಳು ಹೇಳಿದೆ ಅಂತೇನು? ಎರಡರಾಗ ಯಾವದು ಸುಳ್ಳು ಅಂತ ಅವ್ರು ಹ್ಯಾಂಗ ತಿಳೀಬೇಕು? ನಾನೂ ಹೌದು ಅಂದೀನಲ್ಲ."

"ನೀ ಯಾಕ ಅಂದಿ? ಇಲ್ಲ, ಅಣ್ಣ ಸುಳ್ಳು ಹೇಳಾಕತ್ತಾನ ಅನ್ನಬೇಕಿಲ್ಲೋ?"

"ವೈನಿ ನಿಂತಿದ್ಲು," ಎಂದಳು.

ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಬಕೆಟ್ಟಿನ ಇನ್ನೊಂದು ಬದಿ ಹಿಡಿ ಎಂದಳು, ಹಿಡಿದೆ, ಇಳಿದು ಬಂದೆವು.

ಅವತ್ತು ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಂಗ ಮೊದಲ ಗೊತ್ತಿತ್ತಲ್ರಿ," ಎಂದಳು.

"ಯಾವಾಗಿಂದ?"

"ಲಗ್ನ ಆಗಿ ತಿಂಗಳ ಆಗಿತ್ತೋ ಇಲ್ಲೋ. ಬ್ಯಾಂಕಿಗೆ ಕರಕೊಂಡು ಹೋಗಿ, ಚಲನ್ ನನ್ನ ಕೈಯಾಗ ಕೊಟ್ಟು, ನಿನ್ನ ಅಕ್ಷರ ಭಾಳ ಚಂದ ಅದಾವ, ನೀನ ಬರಿ ಅಂದ್ರಿ. ಬಿ.ಕಾಂ. ಓದಿದಾಂವ ಚಲನ್ ಬರ್ಯಾಕ ಹೆಂಡ್ತಿ ಅಕ್ಷರ ಹೊಗಳ್ತಾನೇನು?"

"ಮತ್ತ ಒಂದು ಮಾತು ಅನ್ಲಿಲ್ಲಲ್ಲ ನೀನು?"

"ಏನನ್ಲಿ? ನೀವ ಹೇಳ್ತೀರಿ ಅಂತ ಬಿಟ್ಟಿದ್ದೆ."

ಸಿಪ್ಪೆಗಳನ್ನು ಒಂದು ಕಡೆ ಗೂಡಿಸಿ ಎದ್ದುಹೋಗುವಾಗ, "ಪಾಪ ಆ ಹುಡುಗಿ," ಎಂದಳು. ಅವಳು ನನ್ನನ್ನು ಅಂದದ್ದು ಅಷ್ಟೇ.

ಹಾಗಾಗಿ ನಾನು ಮನೆಯಲ್ಲಿ ಯಾರಿಂದಲೂ ಏನನ್ನೂ ಮುಚ್ಚಿಟ್ಟಂತಾಗಿರಲಿಲ್ಲ. ಮನೆಯಲ್ಲಿದ್ದ ಮೂವರಿಗೂ ಗೊತ್ತಿದ್ದ ಮಾತದು. ಗೊತ್ತಿಲ್ಲದೆ ಇದ್ದವರು ಆ ಮೇಡಂ ಒಬ್ಬರೇ. ಗೊತ್ತಾಗಬೇಕಾಗಿದ್ದದ್ದೂ ಅವರಿಗೆ ಮಾತ್ರ.

ಆಮೇಲೆ ತಂಗಿ ಸ್ಟೂಲಿನ ಮೇಲೆ ಕೂರುವುದು ಬಿಟ್ಟಳು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಳಗಿನ ಮೂಲೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಇನ್ನೂ ಕೆಲವು ಕಂಪನಿಗಳಿಂದ ಟೆಸ್ಟ್ ಬಂದವು. ಆಗೆಲ್ಲ ನಾನೂ ಹೆಂಡತಿಯೂ ಮನೆಗೆ ಬೀಗ ಹಾಕಿದಂತೆ ಮಾಡಿ ಬೀದಿಗೆ ಹೋಗಿ, ಹಣ್ಣಿನ ಬಂಡಿಗಳ ಹಿಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆವು. ಅವಳು ಬಾಯಿ ಮುಚ್ಚಿಕೊಂಡೇ ಬರೆದಳು. ಬಾಯಿ ಮುಚ್ಚಿಕೊಂಡರೆ ಅವಳಿಗೆ ಲೆಕ್ಕ ಅರ್ಧಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಆಫೀಸಿಗೇ ಕರೆದಿದ್ದರು. ಗೋಡೆಯ ಬಿಳಿ ಹಲಗೆಯ ಮುಂದೆ ನಿಲ್ಲಿಸಿ, ಯೋಚಿಸುವುದನ್ನು ಜೋರಾಗಿ ಹೇಳುತ್ತಾ ಬರೆಯಿರಿ ಎಂದರಂತೆ. ಹೇಳುವುದು ಇಂಗ್ಲಿಷಿನಲ್ಲಿ. ಕೇಳುವವರು ಮೂವರೂ ತುಟಿ ಬಿಚ್ಚದೆ ಕೂತಿದ್ದರಂತೆ. "ಗೋಡಿಗೆ ಹೇಳಿದಂಗ ಆತು," ಎಂದಳು ಬಂದು. ಅವರ ಮೇಲೆ ದೂರೇನೂ ಇರಲಿಲ್ಲ ಅವಳ ದನಿಯಲ್ಲಿ. ದಣಿವಿತ್ತು. ಮೆಟ್ರೋದಲ್ಲಿ ನಿಂತೇ ಬಂದಿದ್ದಳು.

ಇಂಥ ಪರೀಕ್ಷೆಗಳಿಂದ ಏನು ಉಪಯೋಗ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಉಪಯೋಗವಿಲ್ಲ ಎಂದುಬಿಟ್ಟರೆ ನನ್ನ ತಪ್ಪು ಸ್ವಲ್ಪ ಹಗುರಾಗುತ್ತದೆ. ಅದಕ್ಕೇ ಹಾಗನ್ನಲು ಹೆದರುತ್ತೇನೆ. ನಾನೂ ಪರೀಕ್ಷೆ ಇಡುವವನೇ. ಕೆಲಸ ಕೇಳಿ ಟೇಲರ್ ಬಂದರೆ ತುಂಡು ಬಟ್ಟೆ ಕೊಟ್ಟು, ಒಂದು ತೋಳು ಕೂರಿಸಿ ತೋರಿಸು ಎನ್ನುತ್ತೇನೆ. ಬಾಯಲ್ಲಿ ಎಲ್ಲ ಬರುತ್ತದೆ ಎಂದವರ ಕೈಗೆ ಏನೂ ಬರುವುದಿಲ್ಲ ಎಂದು ಆ ತೋಳಿನಲ್ಲೇ ತಿಳಿಯುತ್ತದೆ. ಆದರೆ ಒಮ್ಮೆ ಒಬ್ಬ ಹೆಂಗಸು ಬಂದಿದ್ದಳು, ಮೆಹಬೂಬ್‌ನಗರದ ಕಡೆಯವಳು. ನನ್ನ ಮೋಟಾರ್ ಮಷಿನ್ನಿನ ಮೇಲೆ ಕೂತು ಪೆಡಲ್ ಒತ್ತಿದಳು, ಬಟ್ಟೆ ಅವಳ ಕೈ ಮೀರಿ ಓಡಿತು. ತೋಳು ಸೊಟ್ಟ ಬಂತು. ಬೇಡ ಎಂದು ಕಳಿಸಿದೆ. ಎದುರು ಗಲ್ಲಿಯವನು ಅವಳನ್ನು ಇಟ್ಟುಕೊಂಡ. ಅವಳು ಮನೆಯಲ್ಲಿ ಕಾಲಿನಿಂದ ತುಳಿಯುವ ಮಷಿನ್ನಿನ ಮೇಲೆ ಹೊಲಿದು ತಂದುಕೊಡುತ್ತಾಳೆ, ಈಗ ನನ್ನ ಗಿರಾಕಿಗಳು ಕೆಲವರು ಅಲ್ಲಿಗೇ ಹೋಗುತ್ತಾರೆ. ಹಾಗೆಂದು ಪರೀಕ್ಷೆ ಬಿಟ್ಟೆನೇ ಎಂದರೆ ಬಿಟ್ಟಿಲ್ಲ. ಗೊತ್ತಿಲ್ಲದವರ ಕೈಗೆ ಗಿರಾಕಿಯ ಮದುವೆಯ ಬಟ್ಟೆ ಕೊಡುವುದು ಹೇಗೆ?

ಕೊನೆಗೆ ತಂಗಿಗೆ ಕೆಲಸ ಸಿಕ್ಕಿದ್ದು ಹಿಮಾಯತ್‌ನಗರದಲ್ಲಿ, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸಿನಲ್ಲಿ. ಅಲ್ಲಿಯ ಯಜಮಾನರು ಟೆಸ್ಟೇ ಇಡುತ್ತಿರಲಿಲ್ಲ. ಬಂದವರನ್ನೆಲ್ಲ ಕೂರಿಸಿಕೊಂಡು, ಕೆಲಸ ಮಾಡಿಸಿ ನೋಡಿ, ಬೇಡವಾದವರನ್ನು ಕಳಿಸುತ್ತಿದ್ದರು. ಅದು ಒಳ್ಳೆಯ ಪದ್ಧತಿ ಎಂದು ನಾನು ಹೊಗಳಿದಾಗ ತಂಗಿ ತಲೆಯಾಡಿಸಲಿಲ್ಲ. ಅವಳ ಜೊತೆ ಸೇರಿದ್ದ ಹುಡುಗಿಯೊಬ್ಬಳು ಹಾಸ್ಟೆಲ್ ಹಿಡಿದು, ಮನೆಯವರಿಗೆಲ್ಲ ಕೆಲಸ ಸಿಕ್ಕಿತು ಎಂದು ಹೇಳಿದ ಮೇಲೆ ಕಳಿಸಿದರಂತೆ. ಮೊದಲೇ ಫೇಲ್ ಮಾಡಿದ್ದರೆ ಚೆನ್ನಾಗಿತ್ತು ಎಂದು ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳಂತೆ.

ತಂಗಿ ಅಲ್ಲಿ ಉಳಿದಳು. ಇಂದಿಗೂ ಅಲ್ಲೇ ಇದ್ದಾಳೆ. ಅವಳ ಜೊತೆ ಓದಿದವರು ಆ ದೊಡ್ಡ ಕಂಪನಿಗಳಲ್ಲಿ ಎಲ್ಲೆಲ್ಲಿಗೋ ಏರಿದ್ದಾರೆ, ಊರು ಬದಲಿಸಿದ್ದಾರೆ. ಇವಳು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗುತ್ತಾಳೆ, ಸಂಜೆ ಬಂದು ಪರದೆಯ ಆಚೆ ಮಲಗುತ್ತಾಳೆ. ಅವಳಿಗೆ ಬೇಸರವಿದೆಯೇ ಎಂದು ನಾನು ಕೇಳಿಲ್ಲ. ಇದೆ ಎಂದರೆ ಏನು ಮಾಡಲಿ?

ಈಚೆಗೆ ಒಂದು ಭಾನುವಾರ ಅವಳು ಅಂಗಡಿಯ ಬಾಗಿಲಲ್ಲಿ ಬಂದು ಕೂತಳು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಅವರ ಯಜಮಾನರಿಗೆ ಈಗ ಅರ್ಜಿಗಳು ಬಹಳ ಬರುತ್ತವಂತೆ. ಎಲ್ಲರನ್ನೂ ಕೂರಿಸಿ ನೋಡಲು ಆಗುವುದಿಲ್ಲ, ಹೊಸಬರಿಗೆ ಮನೆಯಿಂದಲೇ ಬರೆಯುವ ಒಂದು ಟೆಸ್ಟ್ ತಯಾರು ಮಾಡು ಎಂದು ಇವಳಿಗೇ ಒಪ್ಪಿಸಿದ್ದರು.

"ನೀ ಹೊಸಾ ಟೇಲರ್‌ಗ ಎಷ್ಟು ಹೊತ್ತು ಕೊಡ್ತಿ?" ಎಂದು ಕೇಳಿದಳು.

"ಹೊತ್ತೇನು ನೋಡಂಗಿಲ್ಲ. ಹೊಲದು ಮುಗಿಸ್ಲಿ ಅಂತೀನಿ."

"ನಮ್ಮವ್ರು ಹೊತ್ತು ಇಡು ಅಂತಾರ."

ಸ್ವಲ್ಪ ಹೊತ್ತು ಬೆರಳಾಡಿಸಿದಳು. ನಾನು ಒಂದು ತೋಳಿನ ಬಟ್ಟೆ ಕತ್ತರಿಸಿದೆ. ಕೇಳಬಾರದು ಎಂದುಕೊಂಡೇ ಕೇಳಿದೆ.

"ಕ್ಯಾಮೆರಾ, ದನಿ, ಅವೂ ಇರ್ತಾವೇನು?"

"ಇಡಬೇಕಾಕ್ಕತಿ ಅಣ್ಣಾ. ಮಂದಿ ಮೋಸ ಮಾಡ್ತಾರ. ಬ್ಯಾರ್ಯಾರ ಕೈಲೆ ಬರಸಿ ಕಳಸ್ತಾರ. ನಾನ ನೋಡೀನಿ."

"ಯಾರದರ ದನಿ ಬಂತಂದ್ರ?"

ಅವಳು ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಬಂದ್ರ, ಟೆಸ್ಟ್ ಬರದವ್ರನ್ನ ಆಫೀಸಿಗೆ ಕರಸ್ತೀನಿ. ನನ್ನ ಎದುರಿಗೆ ಕೂಡಿಸಿ, ಅಂಥಾದ ಇನ್ನೊಂದು ಕೊಡ್ತೀನಿ. ಬರಿಯಾಕ ಬಂತಂದ್ರ ಬಂತು. ಮನಿ ಮಂದಿನ್ನ ಕರದು ಕೇಳಂಗಿಲ್ಲ. ಅವರಿಂದ ಏನೂ ತಿಳ್ಯಂಗಿಲ್ಲ."

ಮಾಳಿಗೆಯಿಂದ ಇಳಿದು ಬಂದ ಮೇಲೆ ಇಷ್ಟು ವರ್ಷಗಳಲ್ಲಿ ಆ ದಿನದ ಬಗ್ಗೆ ಅವಳು ಆಡಿದ ಮಾತೆಂದರೆ ಇದೇ. ನನ್ನನ್ನು ಚುಚ್ಚಲು ಆಡಿದ್ದಲ್ಲ. ಅವಳು ತನ್ನ ಕೆಲಸದ ಮಾತನ್ನೇ ಆಡುತ್ತಿದ್ದಳು. ಒಳಗೆ ಕುಕ್ಕರ್ ಕೂಗಿತು. ಹೆಂಡತಿ ಅದನ್ನು ಇಳಿಸುವವರೆಗೆ ನಾನು ಕಾದೆ.

"ನಿನ್ನನ್ನ ಹಂಗ ಕರಸಿದ್ರ?" ಎಂದು ಕೇಳಿದೆ. "ಎದುರಿಗೆ ಕೂಡಿಸಿ ಇನ್ನೊಂದು ಕೊಟ್ಟಿದ್ರ, ಬರೀತಿದ್ದಿ?"

"ಬರೀತಿದ್ದೆ," ಎಂದಳು ತಂಗಿ. "ಆಗ ನನಗ ಎಲ್ಲಾ ಬರ್ತಿತ್ತು."